ನಾಯಿ-ಬೆಕ್ಕಿಗೆ ಹುಷಾರಿಲ್ಲದಿದ್ದರೆ ಮನೆಮದ್ದು ಮೊದಲೋ, ಡಾಕ್ಟ್ರು ಮೊದಲೋ?

ಪರ: ಸಣ್ಣಪುಟ್ಟದ್ದಕ್ಕೆ ಮನೆಯಲ್ಲೇ ಮದ್ದಿದೆ
(ತೀರ್ಥಹಳ್ಳಿ ಕಡೆಯ ಒಬ್ಬ ಪಶುವೈದ್ಯರು)

ಈ ಪಕ್ಷ ನಾನು ಆರಿಸಿಕೊಂಡದ್ದಲ್ಲ, ಸಂಪಾದಕರು ಕೊಟ್ಟದ್ದು. ಪಶುವೈದ್ಯನೇ ಮನೆಮದ್ದಿನ ಪರ ಬರೆದರೆ ಓದುವವರಿಗೆ ಮಜಾ ಅನ್ನುವುದು ಅವರ ಲೆಕ್ಕ. ಆಗಲಿ.

ಜುಲೈ ತಿಂಗಳಲ್ಲಿ ಆಗುಂಬೆ ಕಡೆಯಿಂದ ಫೋನ್ ಬರುತ್ತದೆ. 'ಡಾಕ್ಟ್ರೇ, ನಾಯಿ ಬೆಳಿಗ್ಗೆಯಿಂದ ಎರಡು ಸಲ ಭೇದಿ ಮಾಡ್ತು.' ಹೊರಗೆ ಜಡಿಮಳೆ. ಹಳ್ಳ ತುಂಬಿದೆ, ಬಸ್ಸಿಲ್ಲ. ನಾಯಿ ಚುರುಕಾಗಿದೆಯಾ, ನೀರು ಕುಡಿಯುತ್ತಿದೆಯಾ ಅಂತ ಕೇಳುತ್ತೇನೆ. ಹೌದು ಅಂದರೆ, ಒಂದು ಹೊತ್ತು ಊಟ ಬಿಡಿಸಿ, ಆಮೇಲೆ ಉಪ್ಪು-ಖಾರ ಇಲ್ಲದ ಅನ್ನದ ಗಂಜಿ ಸ್ವಲ್ಪ ಸ್ವಲ್ಪ ಕೊಡಿ, ಹಾಲು ಬೇಡ ಅನ್ನುತ್ತೇನೆ. ಬಹಳಷ್ಟು ನಾಯಿ ಅಷ್ಟಕ್ಕೇ ಸುಧಾರಿಸುತ್ತವೆ. ಮರಿಗಳಿಗೆ ಮಾತ್ರ ಈ ಉಪವಾಸ ಬೇಡ. ಮಲ ಗಟ್ಟಿಯಾಗಿದ್ದರೆ ಬೇಯಿಸಿದ ಸಿಹಿಗುಂಬಳ ಒಂದೆರಡು ಚಮಚ. ಕಾಲಿಗೆ ಇಂಬಳ ಹತ್ತಿದ್ದರೆ ಉಪ್ಪು ಹಾಕಿ, ಬಿಡುತ್ತದೆ. ಮೂಗಿನೊಳಗೆ ಹೊಕ್ಕಿದ್ದರೆ ಕರೆದುಕೊಂಡು ಬನ್ನಿ.

ವಯಸ್ಸಾದ ನಾಯಿಯ ಕೀಲುನೋವಿಗೆ ಮೀನೆಣ್ಣೆ ಒಳ್ಳೆಯದು. ಅದರಲ್ಲಿರುವ ಒಮೇಗಾ-3 ಊತ ತಗ್ಗಿಸುತ್ತದೆ. ತೂಕ ನೋಡಿ ಕೊಡಬೇಕು, ಜಾಸ್ತಿಯಾದರೆ ಅದೇ ಭೇದಿಗೆ ದಾರಿ. ಅರಿಶಿನವನ್ನೂ ಹೊಗಳೋಣ ಅಂದರೆ, ಹೊಟ್ಟೆಗೆ ಹಾಕಿದ ಅರಿಶಿನದ ಸಾರ ರಕ್ತಕ್ಕೆ ಸೇರುವುದೇ ತೀರಾ ಕಮ್ಮಿ. ಪರ ಬರೆಯುವವನು ಇದನ್ನು ಹೇಳಬಾರದೇನೋ.

ಆದರೂ ಒಂದು ಮಾತು. ಹಸುವಿನ ಕೆಚ್ಚಲು ಬಾವಿಗೆ ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು ಹಚ್ಚುವ ಮದ್ದನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ರೈತರಿಗೆ ಹೇಳಿಕೊಡುತ್ತಿದೆ. ಕೊಟ್ಟಿಗೆಯಲ್ಲಿ ಒಪ್ಪಿದ್ದನ್ನು ಜಗಲಿಯ ನಾಯಿಗೆ ಅಂದಾಗ ಯಾಕೆ ನಗಬೇಕು? ಬೆಕ್ಕಿನ ವಿಷಯ ಬೇರೆ. ಅದಕ್ಕೆ ಇಲ್ಲಿ ಜಾಗ ಸಾಲದು.

ವಿರೋಧ: ಬೆಳ್ಳುಳ್ಳಿ ಒಗ್ಗರಣೆಗೆ ಇರಲಿ
(ಹೊಸನಗರ ತಾಲ್ಲೂಕಿನ ಒಬ್ಬ ಶಾಲಾ ಶಿಕ್ಷಕಿ)

ಡಾಕ್ಟ್ರು ಬರೆದದ್ದನ್ನು ಓದಿದೆ. ಗಂಜಿ, ಸಿಹಿಗುಂಬಳ! ಇದಕ್ಕೆ ಬೇಡ ಅನ್ನುವವರು ಯಾರು? ಅವರ ಮಾತು ಕೇಳಿದರೆ ದನದ ಆಸ್ಪತ್ರೆಗೆ ಬೀಗ ಹಾಕಿ ಅಂಗಳದಲ್ಲಿ ಲೋಳೆಸರ ನೆಟ್ಟುಬಿಡಬಹುದು. ನಮ್ಮ ಕಡೆ ನಾಯಿಗೆ ಮನೆಮದ್ದು ಅಂದರೆ ಗಂಜಿಯಲ್ಲ ಸ್ವಾಮಿ. ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು, ಬೆಳ್ಳುಳ್ಳಿ.

ನಮ್ಮ ಮನೆ ಕರಿಯನ ಕಥೆ ಹೇಳುತ್ತೇನೆ. ತೋಟ ಕಾಯುವ ನಾಯಿ ಅದು. ಮಳೆಗಾಲ ಮುಗಿದು ಬಿಸಿಲು ಬೀಳುವ ಹೊತ್ತಿಗೆ ಮೈತುಂಬಾ ಉಣುಗು. ಕಿವಿಯ ಮಡಿಕೆಯಲ್ಲಿ, ಕಾಲ್ಬೆರಳ ಸಂದಿಯಲ್ಲಿ, ರಕ್ತ ಕುಡಿದು ಹರಳುಬೀಜದ ಹಾಗೆ ಊದಿಕೊಂಡು ಕೂತಿದ್ದವು. ನಾನು ಔಷಧಿ ತರುತ್ತೇನೆ ಅಂದರೆ ದೊಡ್ಡಪ್ಪ ಕೇಳಬೇಕಲ್ಲ. 'ಸುಮ್ನೆ ದುಡ್ಡು ಯಾಕೆ ಹಾಳು ಮಾಡ್ತಿ ಮಾರಾಯ್ತಿ? ಬೆಳ್ಳುಳ್ಳಿ ಹಾಕು. ರಕ್ತ ವಾಸನೆ ಬಂದ್ರೆ ಒಂದೂ ನಿಲ್ಲೋದಿಲ್ಲ' ಅಂದರು. ನಾನು ಶಾಲೆಗೆ ಹೋದ ಹೊತ್ತಿಗೆ ದಿನಾ ಮೀನುಸಾರಿನ ಅನ್ನಕ್ಕೆ ಜಜ್ಜಿದ ಬೆಳ್ಳುಳ್ಳಿ ಕಲಸಿ ಇವರೇ ಹಾಕುತ್ತಿದ್ದರಂತೆ. ಉಣುಗು ಒಂದೂ ಬಿಡಲಿಲ್ಲ. ಕರಿಯ ಊಟ ಬಿಟ್ಟ. ಬಚ್ಚಲೊಲೆ ಪಕ್ಕ ಮಲಗಿದವನು ಹೆಸರು ಕರೆದರೂ ಏಳಲಿಲ್ಲ. 'ಉಷ್ಣ ಆಗಿದೆ, ಮಜ್ಜಿಗೆ ಕೊಡು' ಅಂತ ಇನ್ನೊಂದು ಮದ್ದು ಬಂತು.

ಒಂದು ಬೆಳಿಗ್ಗೆ ಜಗಲಿಯ ಮೇಲೆ ರಕ್ತದ ಹನಿ. ಕರಿಯನ ಮೂಗಿನಿಂದ. ಅಣ್ಣನ ಜೀಪಿನಲ್ಲಿ ಹಾಕಿಕೊಂಡು ರಿಪ್ಪನ್‌ಪೇಟೆ, ಆಯನೂರು ದಾಟಿ ಶಿವಮೊಗ್ಗಕ್ಕೆ ಓಡಿದೆವು. ಅಲ್ಲಿನ ಡಾಕ್ಟ್ರು ಮೊದಲು ತುಟಿ ಎತ್ತಿ ವಸಡು ನೋಡಿದರು. ಗುಲಾಬಿ ಬಣ್ಣ ಇರಬೇಕಾದ ವಸಡು ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಹೊಟ್ಟೆಯ ತೆಳು ಚರ್ಮದ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ. ರಕ್ತ ಪರೀಕ್ಷೆ ಮಾಡಿ 'ಉಣುಗಿನ ಜ್ವರ' ಅಂದರು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಕಣಗಳ ಲೆಕ್ಕ ಬಿದ್ದುಹೋಗಿತ್ತು. 'ಬೆಳ್ಳುಳ್ಳಿ ಏನಾದ್ರೂ ಕೊಟ್ರಾ?' ಅಂತ ಕೇಳಿದಾಗ ದೊಡ್ಡಪ್ಪ ಗೋಡೆಯ ಕ್ಯಾಲೆಂಡರ್ ಓದುತ್ತಾ ನಿಂತಿದ್ದರು. ಡಾಕ್ಸಿಸೈಕ್ಲಿನ್ ಮಾತ್ರೆ ನಾಲ್ಕು ವಾರ ನುಂಗಿಸಿ ಕರಿಯನನ್ನು ಉಳಿಸಿಕೊಂಡೆವು.

ಬೆಳ್ಳುಳ್ಳಿ, ಈರುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಬೆಕ್ಕಿಗೆ ಇನ್ನೂ ಬೇಗ. ಉಣುಗು ತರುವ ಬೆಬೇಸಿಯಾ ಅನ್ನುವ ಜೀವಿ ಮಾಡುವುದೂ ಅದನ್ನೇ. ಅಂದರೆ ಮೊದಲೇ ರಕ್ತ ಕಮ್ಮಿ ಮಾಡುವ ಕಾಯಿಲೆಗೆ ರಕ್ತ ಒಡೆಯುವ ಮದ್ದು! 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಂಡ ಜಿಲ್ಲೆ ನಮ್ಮದು. ಅದು ಬೇರೆ ಜಾತಿಯ ಉಣುಗು, ಒಪ್ಪಿದೆ. ಆದರೆ ಉಣುಗನ್ನು ಹಗುರವಾಗಿ ನೋಡುವ ಹಕ್ಕು ನಮಗಂತೂ ಇಲ್ಲ.

ಮರಿಗಳ ಪಾಡು ಇನ್ನೂ ಕಷ್ಟ. ವಾಂತಿ, ಕೆಟ್ಟ ವಾಸನೆಯ ರಕ್ತಭೇದಿ ಅಂದರೆ ಪಾರ್ವೋ ಅನ್ನುವ ವೈರಸ್ ಕಾಯಿಲೆ ಇರಬಹುದು. ಆಗ ಗಂಜಿ ಬೇಯಿಸುತ್ತಾ ಕೂತರೆ ಮರಿ ಒಂದೆರಡು ದಿನದಲ್ಲಿ ನೀರು ಬತ್ತಿ ಹೋಗುತ್ತದೆ, ಡ್ರಿಪ್ ಹಾಕಿಸಲೇಬೇಕು. ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಮೂರು-ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರದವರೆಗೆ ಲಸಿಕೆ ಹಾಕಿಸಿದರೆ ಈ ಗೋಳೇ ಇಲ್ಲ.

ಬೆಕ್ಕಿಗೆ ಜಾಗ ಸಾಲಲಿಲ್ಲವಂತೆ ಡಾಕ್ಟ್ರಿಗೆ. ನಾನು ಎರಡು ಸಾಲಲ್ಲಿ ಬರೆಯುತ್ತೇನೆ. ಮೈ ಬಿಸಿಯಾಗಿದೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮುರಿದು ಬೆಕ್ಕಿನ ಬಾಯಿಗೆ ಹಾಕುವವರಿದ್ದಾರೆ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಹಸುವಿನ ಕೆಚ್ಚಲಿನ ಮಾತು ನನಗೆ ಬೇಡ. ಹೊರಗೆ ಹಚ್ಚುವುದು ಬೇರೆ, ಹೊಟ್ಟೆಗೆ ಹಾಕುವುದು ಬೇರೆ ಅಂತ ಡಾಕ್ಟ್ರಿಗೆ ಗೊತ್ತಿಲ್ವಾ? ಇನ್ನು ಮಳೆ, ಹಳ್ಳ, ಬಸ್ಸಿಲ್ಲ. ಅಡಿಕೆ ರೇಟು ಏರಿದ ದಿನ ಇದೇ ಮಳೆಯಲ್ಲಿ, ಇದೇ ರಸ್ತೆಯಲ್ಲಿ ಶಿವಮೊಗ್ಗದ ಮಂಡಿಗೆ ಮೂಟೆ ಹೊತ್ತ ಜೀಪು ಹೊರಡುತ್ತದೆ. ಮೂಟೆಗಳ ನಡುವೆ ಒಂದು ನಾಯಿಗೆ ಜಾಗ ಆಗೋದಿಲ್ವಾ?