ಕೋವಿಗೆ ಅನುಮತಿ ಇಲ್ಲ

ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬಿಗೆ ಫಿಲ್ಟರ್ ಹಾಕಿಸಿದಾಗ ಮಕ್ಕಳ ಮುಖ ನೋಡಬೇಕಿತ್ತು. ಗೇಮ್ಸ್ ಇಲ್ಲ, ಇನ್‌ಸ್ಟಾಗ್ರಾಂ ಅಂತೂ ಕೇಳಲೇಬೇಡಿ. ಏನು ಒತ್ತಿದರೂ ಕೆಂಪು ಪರದೆ: 'ಅನುಮತಿ ಇಲ್ಲ'. ಲ್ಯಾಬ್ ನೋಡಿಕೊಳ್ಳುವ ನನಗೆ ಒಳಗೊಳಗೇ ಖುಷಿ. ಕೈಲ್ ಮುಹೂರ್ತ ಬರುವ ತನಕ.

ಸೆಪ್ಟೆಂಬರ್ ಶುರುವಿನಲ್ಲಿ ಬರುವ ಈ ಹಬ್ಬ ಕೊಡಗಿನ ಆಯುಧ ಪೂಜೆ. ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲ ಒರೆಸಿ ದೀಪದ ಮುಂದೆ ಇಡುತ್ತಾರೆ. ಕೋವಿಯ ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸುತ್ತಾರೆ. ಆಮೇಲೆ ಊಟಕ್ಕೆ ಅಕ್ಕಿಯ ಕಡಂಬುಟ್ಟು, ಪಂದಿ (ಹಂದಿ) ಕರಿ. ಸಮಾಜದ ಮೇಷ್ಟ್ರು ಒಂಬತ್ತನೇ ಕ್ಲಾಸಿಗೆ ಇದನ್ನೇ ಪ್ರಾಜೆಕ್ಟ್ ಕೊಟ್ಟರು. ಮಕ್ಕಳು ಹುಡುಕಿದರು. ಕೆಂಪು ಪರದೆ. ಕಾರಣ: ಮಾರಕಾಸ್ತ್ರ! ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದಲೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಫಿಲ್ಟರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಇನ್ನೊಂದು ಗುಂಪು ಮನೆಯಲ್ಲಿ ಮಾಡುವ ವೈನ್ ಬಗ್ಗೆ ಹುಡುಕಿತು. ಅದೂ ಹೋಯಿತು: ಮದ್ಯ.

ಕಳ್ಳದಾರಿ ಶುರುವಾದದ್ದು ಅಲ್ಲಿಂದ. ಹುಡುಗಿಯೊಬ್ಬಳು ಗೂಗಲ್ ಟ್ರಾನ್ಸ್‌ಲೇಟಿನಲ್ಲಿ ಪುಟದ ವಿಳಾಸ ಹಾಕಿ ಒಳಗೆ ಹೋದಳು. ಫಿಲ್ಟರ್ ಲೆಕ್ಕದಲ್ಲಿ ಪಾಪ, ಅವಳು ಭಾಷೆ ಕಲಿಯುತ್ತಿದ್ದಾಳೆ. ಅದನ್ನು ಮುಚ್ಚಿಸಿದೆ. ಹಿಂದಿನ ಬೆಂಚಿನವರು ಡಿಎನ್‌ಎಸ್, ಅಂದರೆ ಸೈಟಿನ ಹೆಸರು ಕೇಳಿ ವಿಳಾಸ ಹೇಳುವ ಸರ್ವರನ್ನೇ ಬದಲಾಯಿಸಿದರು. ನಮ್ಮದು ಸೈಟಿನ ಹೆಸರು ವಿಚಾರಿಸುವಾಗ ಅಡ್ಡ ಹಾಕುವ ಫಿಲ್ಟರ್. ಬೇರೆ ಕಡೆ ವಿಚಾರಿಸಿದರೆ ಅದಕ್ಕೆ ಗೊತ್ತೇ ಆಗೋದಿಲ್ಲ. ಪೈಥಾಗೊರಸ್ ಪ್ರಮೇಯ ಬಾರದ ಹುಡುಗನಿಗೆ ಗೂಗಲ್ ಡಿಎನ್‌ಎಸ್ ನಂಬರ್ 8.8.8.8 ಕಂಠಪಾಠ. (ಎಂಟನ್ನು ನಾಲ್ಕು ಸಲ ಹೇಳೋದು ಅಂಥ ಕಷ್ಟವೇನಲ್ಲ, ಆದರೂ.) ಪ್ರಾಜೆಕ್ಟ್ ಮುಗಿಯಿತು, ದಾರಿ ಮುಚ್ಚಲಿಲ್ಲ. ಈಗ ಅದರಲ್ಲಿ ಗೇಮ್ಸ್ ಓಡಾಡತೊಡಗಿದವು. ಫೋನ್ ಹಾಟ್‌ಸ್ಪಾಟ್ ಆಟ ಮಾತ್ರ ನಡೆಯಲಿಲ್ಲ. ಸಿಗ್ನಲ್ ಸಿಗೋದೇ ಹಾಕಿ ಮೈದಾನದ ಆಚೆ ಗೋಲ್‌ಪೋಸ್ಟ್ ಹತ್ತಿರ. ಇನ್ನು ಮಳೆಗೆ ಮರ ಲೈನ್ ಮೇಲೆ ಬಿತ್ತೋ, ನನಗೂ ಅವರಿಗೂ ಒಂದೇ ಫಿಲ್ಟರ್.

ಫಿಲ್ಟರ್ ಕಂಪನಿಗೆ ಫೋನ್ ಮಾಡಿದೆ.

"ಸರ್, ಸ್ಕೂಲಿಗೆ ಗನ್ ಸೈಟ್ ಯಾಕೆ ಬೇಕು?"

"ಹಬ್ಬ ಇದೆ."

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

ಅಷ್ಟರಲ್ಲಿ ಮಕ್ಕಳ ಪ್ರಾಜೆಕ್ಟನ್ನು ಶಾಲೆಯ ವೆಬ್‌ಸೈಟಿಗೆ ಹಾಕಿಯಾಗಿತ್ತು, ಅಜ್ಜಂದಿರು ಕೋವಿ ಹಿಡಿದು ನಿಂತ ಫೋಟೋ ಸಮೇತ. ನೋಡನೋಡುತ್ತಲೇ ನಮ್ಮ ವೆಬ್‌ಸೈಟೇ ಮಾರಕಾಸ್ತ್ರದ ಪಟ್ಟಿ ಸೇರಿತು. ಅದು ಗೊತ್ತಾದದ್ದೂ ಆಡಳಿತ ಮಂಡಳಿಯವರು ಲ್ಯಾಬಿಗೆ ಬಂದ ದಿನವೇ. ಹೆಡ್‌ಮಿಸ್ ಹೆಮ್ಮೆಯಿಂದ ವಿಳಾಸ ಒತ್ತಿದರು. ಕೆಂಪು ಪರದೆ. ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನ ಹುಡುಗ ಎದ್ದು ಬಂದ.

"ಒಂದ್ನಿಮಿಷ ಮಿಸ್" ಅಂದವನೇ ಏನೇನೋ ತೆರೆದು ಟಕಟಕ ಎಂಟು ಒತ್ತಿದ. ಅಜ್ಜಂದಿರು ಕೋವಿ ಸಮೇತ ಪ್ರತ್ಯಕ್ಷ.

"ಎಷ್ಟು ಚುರುಕು ಅಲ್ವಾ! ಸರ್, ಇವನನ್ನೇ ಲ್ಯಾಬ್ ಲೀಡರ್ ಮಾಡಿ" ಅಂದರು ಹೆಡ್‌ಮಿಸ್.