ಪಾಂಡ್‌ಗೆ ಪೂರಿ ಎಸೆಯುವ ಪುಣ್ಯಾತ್ಮರಿಗೆ

ಇವತ್ತು ಸಂಜೆ ಏಳೂಮುಕ್ಕಾಲಿಗೆ ಕಂಡದ್ದು. ಊರಿಂದ ಬಂದ ಯಜಮಾನರೊಬ್ಬರು ಇಲ್ಲಿ ಅಮೆರಿಕದ ಫ್ಲೋರಿಡಾದ ನಮ್ಮ ಕಮ್ಯುನಿಟಿಯ ಪಾಂಡ್ (ಮನೆಗಳ ಹಿಂದಿನ ಕೊಳ) ದಂಡೆಯಲ್ಲಿ ನಿಂತು ಡಬ್ಬಿಯಲ್ಲಿ ಉಳಿದ ಪೂರಿಯನ್ನ ಚೂರುಚೂರು ಮಾಡಿ ಎಸೀತಿದ್ದಾರೆ. ಮೊಮ್ಮಗಳು ನೀರಿಗೆ ಒಂದು ಗೇಣು ದೂರದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಮಗರಾಯ ಮೊಸಳೆ ಚಿತ್ರದ ಎಚ್ಚರಿಕೆ ಬೋರ್ಡಿಗೇ ಒರಗಿಕೊಂಡು ವಿಡಿಯೋ ಮಾಡ್ತಿದ್ದಾನೆ! ನನ್ನ ಬಾಯಿ ಗೊತ್ತಲ್ಲ, ಸುಮ್ಮನಿರಲ್ಲ. ಸಿಕ್ಕ ಉತ್ತರ: "ಬಾತುಕೋಳಿಗೆ ಹಾಕ್ತಿರೋದು ಸಾರ್, ಮೊಸಳೆಗಲ್ಲ."

ಓಹೋ. ಮೊಸಳೆಗೆ ಅದನ್ನ ಯಾರೂ ತಿಳಿಸಿಲ್ಲ, ಪಾಪ.

ಫ್ಲೋರಿಡಾದಲ್ಲಿ ಅಂದಾಜು 13 ಲಕ್ಷ ಮೊಸಳೆ ಜಾತಿಯ ಅಲಿಗೇಟರ್‌ಗಳಿವೆ, ಎಲ್ಲಾ 67 ಕೌಂಟಿಗಳಲ್ಲೂ (ಅಂದರೆ ಜಿಲ್ಲೆಗಳಲ್ಲೂ). ಮನೆ ಹಿಂದಿನ ಈ ಪಾಂಡ್‌ಗಳು ಮಳೆನೀರಿಗೆ ಅಂತ ತೋಡಿದವು, ಎಷ್ಟೋ ಕಡೆ ಒಂದಕ್ಕೊಂದು ಪೈಪ್‌ನಿಂದ ಸೇರಿಕೊಂಡಿರುತ್ತವೆ. ಅಲಿಗೇಟರ್ ಪೈಪಲ್ಲೂ ಬರುತ್ತೆ, ಹುಲ್ಲಿನ ಮೇಲೆ ನಡೆದೂ ಬರುತ್ತೆ. ಹಾಗಾಗಿ "ನಿನ್ನೆ ಇರ್ಲಿಲ್ಲ" ಅನ್ನೋ ಮಾತಿಗೆ ಬೆಲೆ ಇಲ್ಲ.

ಅದು ತಾನಾಗಿ ಮನುಷ್ಯನ ಕಂಡರೆ ಜಾರಿಕೊಳ್ಳೋ ಪ್ರಾಣಿ. ಪೂರಿಗೆ ಬಾತು, ಮೀನು, ಆಮೆ ಸೇರ್ತವೆ, ಅವುಗಳ ಆಸೆಗೆ ಅದೂ ಬರುತ್ತೆ. ದಂಡೆಯಲ್ಲಿ ಆಳು ನಿಂತರೆ ಊಟ ಅಂತ ಒಮ್ಮೆ ಕಲಿತರೆ ಮುಗೀತು, ನಾಳೆ ಕೈಬೀಸಿಕೊಂಡು ಬಂದವರ ಹತ್ತಿರಕ್ಕೂ ಈಜಿ ಬರುತ್ತೆ. ಅದಕ್ಕೇ ಅಲಿಗೇಟರ್‌ಗೆ ತಿನ್ನಿಸೋದು ಇಲ್ಲಿ ಅಪರಾಧ. ಹಾಗೆ ಸಲಿಗೆ ಬೆಳೆದದ್ದು 4 ಅಡಿ ಅಥವಾ ಹೆಚ್ಚು ಉದ್ದವಿದ್ದರೆ ರಾಜ್ಯದ ವನ್ಯಜೀವಿ ಇಲಾಖೆಗೆ (866-392-4286) ಫೋನ್ ಮಾಡಬೇಕು. ಟ್ರಾಪರ್, ಅಂದರೆ ಅದನ್ನ ಹಿಡಿಯೋನು, ಬರ್ತಾನೆ. ಬೇರೆ ಕಡೆ ಬಿಟ್ಟರೆ ವಾಪಸ್ ಬರೋ ಜಾತಿ, ಆದ್ದರಿಂದ ಸಾಮಾನ್ಯವಾಗಿ ಕೊಂದೇ ಬಿಡ್ತಾರೆ. ಪೂರಿ ಹಾಕಿದ ಪುಣ್ಯ ಯಾರಿಗೆ ಸೇರುತ್ತೋ ಲೆಕ್ಕ ಹಾಕ್ಕೊಳ್ಳಿ.

ಅಂದ ಹಾಗೆ, ತಲೆ ಮಾತ್ರ ತೇಲ್ತಿದ್ದರೂ ಉದ್ದ ಅಂದಾಜಾಗುತ್ತೆ. ಕಣ್ಣಿಂದ ಮೂಗಿನ ಹೊಳ್ಳೆವರೆಗೆ ಎಷ್ಟು ಇಂಚೋ, ಮೈ ಸುಮಾರು ಅಷ್ಟು ಅಡಿ. ಸ್ಕೇಲ್ ತಗೊಂಡು ಹೋಗಬೇಡಿ ಮತ್ತೆ.

"ರಂಗನತಿಟ್ಟಲ್ಲಿ ಎಷ್ಟು ನೋಡಿಲ್ಲ, ಏನೂ ಮಾಡಲ್ಲ" ಅಂದರು ಯಜಮಾನರು. ಅಲ್ಲಿ ನೀವು ದೋಣೀಲಿ ಕೂತಿದ್ದಿರಿ ಸ್ವಾಮಿ, ಕೈಲಿ ಪೂರಿ ಇರ್ಲಿಲ್ಲ. ಇಡೀ ರಾಜ್ಯದಲ್ಲಿ ತಾನಾಗಿ ಬಂದು ಕಚ್ಚಿ ವೈದ್ಯರ ಚಿಕಿತ್ಸೆ ಬೇಕಾಗೋಷ್ಟು ಗಾಯ ಮಾಡೋದು ವರ್ಷಕ್ಕೆ ಸರಾಸರಿ ಎಂಟು ಜನರಿಗೆ, ನಿಜ. ಆದರೆ 2023ರ ಫೆಬ್ರವರಿಯಲ್ಲಿ ಫೋರ್ಟ್ ಪಿಯರ್ಸ್‌ನಲ್ಲಿ ಸತ್ತ 85ರ ಅಜ್ಜಿ ಮನೆ ಹತ್ತಿರದ ನೀರಿನ ಪಕ್ಕ ನಾಯಿ ಅಡ್ಡಾಡಿಸ್ತಿದ್ದರು. 2016ರ ಜೂನ್‌ನಲ್ಲಿ ಡಿಸ್ನಿ ಲಗೂನ್‌ನಲ್ಲಿ ಸತ್ತ ಎರಡು ವರ್ಷದ ಮಗು ರಾತ್ರಿ ಹೊತ್ತು ದಂಡೆಯ ನೀರಲ್ಲಿತ್ತು. ಇಬ್ಬರೂ ಈಜೋಕೆ ಹೋದವರಲ್ಲ. ಎಂಟೇ ಅಂತ ಆ ಮನೆಯವರಿಗೆ ಹೇಳಿ ಬನ್ನಿ.

ಅಲಿಗೇಟರ್ ಚುರುಕಾಗಿರೋದು ಮುಸ್ಸಂಜೆಯಿಂದ ಬೆಳಗಾಗೋವರೆಗೆ, ಅಂದರೆ ನಮ್ಮವರ ವಾಕಿಂಗ್ ಟೈಮೇ. ಆ ಹೊತ್ತಲ್ಲಿ ನೀರಿನ ಅಂಚು ಬಿಟ್ಟು ಫುಟ್‌ಪಾತ್ ಹಿಡೀರಿ. ನಾಯಿಗೆ ಉದ್ದಕ್ಕೆ ಬಿಚ್ಚಿಕೊಳ್ಳೋ ಹಗ್ಗ ಬೇಡ, ನೀವು ಹಗ್ಗ ತಡೆಯೋ ಗುಂಡಿ ಒತ್ತೋಷ್ಟರಲ್ಲಿ ನಾಯಿ ನೀರಲ್ಲಿರುತ್ತೆ. 6 ಅಡಿಯ ಸಾದಾ ಹಗ್ಗ ಸಾಕು. ಅಲಿಗೇಟರ್ ಬುಸ್ ಅಂದರೆ ಆಗಲೇ ತುಂಬಾ ಹತ್ತಿರ ಹೋಗಿದ್ದೀರಿ ಅಂತ, ಹಿಂದೆ ಸರೀರಿ. ಬೆನ್ನಟ್ಟಿದರೆ ನೀರಿಗೆ ಬೆನ್ನುಹಾಕಿ ನೇರ ಓಡಿ. ಹಾವಿನ ಹಾಗೆ ಅಂಕುಡೊಂಕು ಓಡಬೇಕು ಅನ್ನೋದು ವಾಟ್ಸಾಪ್ ವೇದ. ನೆಲದ ಮೇಲೆ ಅದಕ್ಕೆ ದಮ್ಮು ಕಮ್ಮಿ. ಹಿಡಿದೇಬಿಟ್ಟರೆ ಸುಮ್ಮನೆ ಮಲಗಬೇಡಿ, ಕಣ್ಣಿಗೆ ತಿವೀರಿ, ಮೂತಿಗೆ ಗುದ್ದಿ. ಗಾಯ ಸಣ್ಣದಿದ್ದರೂ ಆಸ್ಪತ್ರೆಗೆ ಹೋಗಿ, ಅದರ ಬಾಯಲ್ಲಿರೋ ಬ್ಯಾಕ್ಟೀರಿಯಾ ನಂಜಾಗುತ್ತೆ.

ಈಗ ಅಸಲು ತಲೆನೋವು. ಗಣೇಶನ ಹಬ್ಬ ಬಂತು. ಜೂನ್ ಕೊನೆ, ಜುಲೈ ಮೊದಲಲ್ಲಿ ಅಲಿಗೇಟರ್ ಇಟ್ಟ ಮೊಟ್ಟೆ ಒಡೆಯೋದು ಆಗಸ್ಟ್ ನಡುವಿಂದ ಸೆಪ್ಟೆಂಬರ್ ಮೊದಲ ದಿನಗಳವರೆಗೆ, ಹೆಚ್ಚುಕಮ್ಮಿ ಗಣೇಶನ ಕಾಲದಲ್ಲೇ. ಮರಿಗಳ ಪಕ್ಕ ತಾಯಿ ಕಾವಲಿರುತ್ತೆ. ಆಗ ನೀವು "ಗಣಪತಿ ಬಪ್ಪಾ" ಅಂತ ಮೊಣಕಾಲು ನೀರಿಗಿಳಿದು, ಹೂವು, ನೈವೇದ್ಯದ ಕಡುಬು ಎಲ್ಲಾ ತೇಲಿಬಿಡ್ತೀರಿ. ಮಣ್ಣಿನ ಗಣಪನನ್ನ ಮನೆ ಹಿತ್ತಲಲ್ಲಿ ಬಕೆಟ್‌ನಲ್ಲೇ ಬಿಡಿ, ಕರಗಿದ ಮೇಲೆ ನೀರನ್ನ ಗಿಡಕ್ಕೆ ಸುರೀರಿ. ಕಡುಬು ಉಳಿದರೆ ನನಗೆ ಫೋನ್ ಮಾಡಿ.