ಬ್ರೇಕು ಹಿಡಿಯಲಿಲ್ಲ, ಅಷ್ಟೇ

ನಿನ್ನೆ ರಾತ್ರಿ ನಮ್ಮೂರಿನ ವಾಟ್ಸಾಪ್ ಗುಂಪಿಗೆ ಮತ್ತೆ ಅದೇ ವಿಡಿಯೊ ಬಂತು. ಬಿರುಗಾಳಿಗೆ ಸಿಕ್ಕ ಗಾಳಿಯಂತ್ರವೊಂದರ ರೆಕ್ಕೆಗಳು ಹುಚ್ಚು ವೇಗದಲ್ಲಿ ಸುತ್ತುತ್ತವೆ, ರೆಕ್ಕೆಯೊಂದು ಚೂರಾಗುತ್ತದೆ, ಮರುಕ್ಷಣ ಕಂಬವೇ ನಡುಮುರಿದು ಕುಸಿಯುತ್ತದೆ. ಕೆಳಗೆ ‘ಕಪ್ಪತಗುಡ್ಡ, ಇಂದು ಬೆಳಿಗ್ಗೆ’ ಎಂದು ಬರೆದಿತ್ತು. ಅದು 2008ರ ಫೆಬ್ರವರಿ 22ರಂದು ಡೆನ್ಮಾರ್ಕಿನ ಹಾರ್ನ್‌ಸ್ಲೆಟ್ ಎಂಬ ಊರಿನ ಬಳಿ ನಡೆದದ್ದು. ಹನ್ನೊಂದು ವರ್ಷ ಗದಗ, ಚಿತ್ರದುರ್ಗದ ಗುಡ್ಡಗಳಲ್ಲಿ ಇಂಥ ಯಂತ್ರಗಳನ್ನು ಹತ್ತಿ ಇಳಿದ ನಾನು ಆ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಊರಿನ ಹೆಸರು ಸುಳ್ಳಾಗಿದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕೆರಳಿಸಿದ್ದು ಅದರ ಕೆಳಗೆ ಸಾಲುಗಟ್ಟಿದ ಮಾತುಗಳು: ‘ಗಾಳಿಯ ಮುಂದೆ ಮನುಷ್ಯನದೇನು ನಡೆಯುತ್ತದೆ’, ‘ಪ್ರಕೃತಿ ಮುನಿದರೆ ಹೀಗೆಯೇ’.

ಅಲ್ಲಿ ಯಾವ ಪ್ರಕೃತಿಯೂ ಮುನಿದಿರಲಿಲ್ಲ. ಬ್ರೇಕು ಹಿಡಿಯಲಿಲ್ಲ, ಅಷ್ಟೇ.

ಗಾಳಿಯಂತ್ರ ಎಂದರೆ ತಿರುಗುವ ಯಂತ್ರ ಎಂದೇ ಎಲ್ಲರೂ ತಿಳಿದಿದ್ದಾರೆ. ಅದರೊಳಗೆ ಕೆಲಸ ಮಾಡಿದವರಿಗೆ ಗೊತ್ತು, ತಿರುಗಿಸುವುದಕ್ಕಿಂತ ನಿಲ್ಲಿಸುವುದೇ ಕಷ್ಟ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಹಾಗಾಗಿಯೇ ಸಾಮಾನ್ಯವಾಗಿ ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ 90 ಕಿಲೋಮೀಟರ್ ವೇಗ ಮುಟ್ಟಿದ ಕೂಡಲೇ ಯಂತ್ರ ತಾನೇ ನಿಂತುಬಿಡುವಂತೆ ಮಾಡಿರುತ್ತಾರೆ. ಇದಕ್ಕಿಂತ ಅಪಾಯದ ಗಳಿಗೆ ಇನ್ನೊಂದಿದೆ. ನಮ್ಮ ಕಡೆ ಗಾಳಿ ಜೋರಾದಾಗಲೇ ವಿದ್ಯುತ್ ಲೈನು ಟ್ರಿಪ್ ಆಗುವುದೂ ಹೆಚ್ಚು. ಲೈನು ಹೋಯಿತೆಂದರೆ ಜನರೇಟರಿನ ಹೊರೆ ಒಮ್ಮೆಗೇ ಇಳಿದುಹೋಗುತ್ತದೆ. ಬಾವಿಯಿಂದ ಸೇದುತ್ತಿದ್ದ ತುಂಬಿದ ಕೊಡದ ಹಗ್ಗ ಕೈಜಾರಿದರೆ ರಾಟೆ ಹೇಗೆ ಗಿರ್ರನೆ ತಿರುಗುತ್ತದೆಯೋ ಹಾಗೆ, ಕೆಲವೇ ಸೆಕೆಂಡುಗಳಲ್ಲಿ ರೆಕ್ಕೆಗಳು ಮಿತಿ ಮೀರುತ್ತವೆ. ಆಗ ಕಾಯುವುದು ಗೇರ್‌ಬಾಕ್ಸಿನ ಹಿಂದಿರುವ ಡಿಸ್ಕ್ ಬ್ರೇಕ್ ಎಂದು ಹಲವರು ಭಾವಿಸಿದ್ದಾರೆ. ಅದೊಂದರಿಂದ ಆಗುವ ಕೆಲಸ ಅದಲ್ಲ. ಕೈಮೀರಿದ ಯಂತ್ರವನ್ನು ಅದೊಂದರಿಂದಲೇ ಹಿಡಿಯಹೋದರೆ ಡಿಸ್ಕು ಕೆಂಪಗೆ ಕಾದು ಕಿಡಿ ಕಾರುತ್ತದೆ, ಸುತ್ತಲಿನ ಎಣ್ಣೆಗೆ ಬೆಂಕಿ ಹತ್ತುತ್ತದೆ.

ನಿಜವಾಗಿ ನಿಲ್ಲಿಸುವುದು ರೆಕ್ಕೆಗಳೇ. ಹಳೆಯ ಯಂತ್ರಗಳಲ್ಲಿ ರೆಕ್ಕೆಯ ತುದಿಯ ಭಾಗ ಮಾತ್ರ ಅಡ್ಡ ತಿರುಗುತ್ತದೆ. ಎಣ್ಣೆಯ ಒತ್ತಡ ಅದನ್ನು ಎಳೆದು ಹಿಡಿದಿರುತ್ತದೆ. ಒತ್ತಡ ಹೋದರೆ ತಿರುಗುವ ರಭಸಕ್ಕೇ ಅದು ಹೊರಚಾಚಿ ಗಾಳಿಗೆ ತಡೆಯಾಗುತ್ತದೆ. ಎಷ್ಟು ಜಾಣ ಏರ್ಪಾಡು! ಆದರೆ ಒಳಗಿನ ದಂಡಕ್ಕೆ ತುಕ್ಕು ಹಿಡಿದಿದ್ದರೆ ತುದಿ ಅಲುಗುವುದಿಲ್ಲ. ಹೊಸ ಯಂತ್ರಗಳಲ್ಲಿ ಇಡೀ ರೆಕ್ಕೆಯೇ ತನ್ನ ಬುಡದಲ್ಲಿ ಹೊರಳಿ ಗಾಳಿಗೆ ಅಂಚುಕೊಟ್ಟು ತಿರುಗುತ್ತದೆ, ಆಗ ಅದನ್ನು ತಳ್ಳಲು ಗಾಳಿಗೆ ಹಿಡಿತ ಸಿಗುವುದಿಲ್ಲ. ಅನೇಕ ಯಂತ್ರಗಳಲ್ಲಿ ಒಂದೊಂದು ರೆಕ್ಕೆಗೂ ಪ್ರತ್ಯೇಕ ಮೋಟಾರು, ಲೈನು ಹೋದಾಗ ಅದನ್ನು ತಿರುಗಿಸಲು ಪ್ರತ್ಯೇಕ ಬ್ಯಾಟರಿ ಇರುತ್ತವೆ. ಆ ಬ್ಯಾಟರಿ ಬಿಸಿಲಿಗೆ ಸತ್ತಿದ್ದರೂ ಯಂತ್ರ ತಿಂಗಳುಗಟ್ಟಲೆ ಚೆನ್ನಾಗಿಯೇ ಓಡುತ್ತಿರಬಹುದು. ನಿಲ್ಲಬೇಕಾದ ದಿನವೇ ಅದರ ಬಣ್ಣ ಬಯಲಾಗುವುದು.

ಹಾರ್ನ್‌ಸ್ಲೆಟ್‌ನಲ್ಲಿ ಬ್ರೇಕಿನ ವ್ಯವಸ್ಥೆ ಸೋತಿತು, ವೇಗ ಮಿತಿ ಮೀರಿತು, ಬಾಗಿದ ರೆಕ್ಕೆ ಕಂಬಕ್ಕೆ ಬಡಿಯಿತು. ಕಂಬ ಬಿದ್ದದ್ದು ಕೊನೆಯ ಅಂಕ. ನೋಡುವವರಿಗೆ ಕಾಣುವುದು ಅದೊಂದೇ.

ಇಷ್ಟು ಕಟುವಾಗಿ ಬರೆಯಲು ನನ್ನದೇ ಒಂದು ತಪ್ಪು ಕಾರಣ. ಕೆಲವು ವರ್ಷಗಳ ಹಿಂದೆ, ಆಷಾಢಕ್ಕೆ ಮುಂಚಿನ ತಪಾಸಣೆಯ ಕೊನೆಯ ಸಂಜೆ, ಯಂತ್ರವೊಂದರ ಮೂರು ಬ್ಯಾಟರಿಗಳಲ್ಲಿ ಎರಡನ್ನು ಪರೀಕ್ಷಿಸಿ, ಕತ್ತಲಾಯಿತೆಂದು ಮೂರನೆಯದರ ಮುಂದೆಯೂ ‘ಸರಿಯಿದೆ’ ಎಂದು ಬರೆದು ಸಹಿ ಹಾಕಿದೆ. ಎರಡು ವಾರದ ಮೇಲೆ ಜೋರು ಗಾಳಿಯಲ್ಲಿ ಲೈನು ಟ್ರಿಪ್ ಆಯಿತು. ಎರಡು ರೆಕ್ಕೆಗಳು ತಿರುಗಿದವು, ಮೂರನೆಯದು ತಿರುಗಲಿಲ್ಲ. ಒಂದು ಕೈಕೊಟ್ಟರೂ ಉಳಿದೆರಡು ತಡೆಯುವಂತೆ ಅದನ್ನು ವಿನ್ಯಾಸ ಮಾಡಿದವರ ಪುಣ್ಯದಿಂದ ಯಂತ್ರದ ವೇಗ ಇಳಿಯಿತು. ನಾನು ಓಡಿಹೋದಾಗ ಅದರ ಬುಡದಲ್ಲಿ ಕುರಿ ಮಂದೆಯೊಡನೆ ನಿಂತಿದ್ದ ಹಿರಿಯರೊಬ್ಬರು, “ಇವತ್ತ ಫ್ಯಾನಿನ ಸಪ್ಪಳ ಬ್ಯಾರೇನ ಐತಲ್ರಿ ಸಾಹೇಬ್ರ” ಎಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಮರುದಿನ ಮೇಲಿನವರಿಗೆ ತಪ್ಪೊಪ್ಪಿಗೆ ಬರೆದುಕೊಟ್ಟೆ. ಆ ಸಪ್ಪಳ ಈಗಲೂ ಕಿವಿಯಲ್ಲಿದೆ.

ಗಾಳಿಯದೇ ಕೈಮೇಲಾಗುವ ಸಂದರ್ಭ ಇಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಇದೆ. 2003ರ ಸೆಪ್ಟೆಂಬರಿನಲ್ಲಿ ಜಪಾನಿನ ಮಿಯಾಕೊ ದ್ವೀಪಕ್ಕೆ ಅಪ್ಪಳಿಸಿದ ಮಾಯೆಮಿ ಚಂಡಮಾರುತದ ಬೀಸು ಸೆಕೆಂಡಿಗೆ 74 ಮೀಟರ್ ಮುಟ್ಟಿತ್ತು. ಅಲ್ಲಿ ಕಂಬಗಳು ಮಡಿಚಿ ಬಿದ್ದವು, ಯಂತ್ರವೊಂದು ಅಡಿಪಾಯ ಸಮೇತ ಉರುಳಿತು. ಆಗಿನ ಅಂತರರಾಷ್ಟ್ರೀಯ ಮಾನದಂಡದ ಅತಿ ಗಟ್ಟಿ ದರ್ಜೆಯ ಯಂತ್ರಕ್ಕೂ ಐವತ್ತು ವರ್ಷಕ್ಕೊಮ್ಮೆ ಬರಬಹುದಾದ ಬೀಸೆಂದು ಲೆಕ್ಕ ಹಿಡಿಯುತ್ತಿದ್ದದ್ದು ಸೆಕೆಂಡಿಗೆ 70 ಮೀಟರ್. ಆದರೆ ನಮ್ಮ ಗುಡ್ಡಗಳ ಆಷಾಢದ ಗಾಳಿ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಮಿಯಾಕೊದ ಹೆಸರು ಹೇಳಿಕೊಂಡು ನಮ್ಮ ತುಕ್ಕನ್ನು ಮುಚ್ಚಿಡುವುದನ್ನು ನಾನು ಒಪ್ಪಲಾರೆ.

ಹಾರ್ನ್‌ಸ್ಲೆಟ್ ಘಟನೆಯಾದ ವರ್ಷವೇ, ಜೂನ್ ತಿಂಗಳಲ್ಲಿ, ಡೆನ್ಮಾರ್ಕ್ ಹೊರಡಿಸಿದ ಆದೇಶದಲ್ಲಿ ಯಂತ್ರಗಳ ವಿನ್ಯಾಸ, ಸ್ಥಾಪನೆಗಳಷ್ಟೇ ಅಲ್ಲದೆ ನಿರ್ವಹಣೆ ಮತ್ತು ಸರ್ವಿಸ್ ಕೂಡ ಪ್ರಮಾಣೀಕರಣದ ವ್ಯಾಪ್ತಿಗೆ ಸೇರಿದ್ದವು. ನನ್ನ ಬೇಡಿಕೆ ಅದಕ್ಕಿಂತ ಚಿಕ್ಕದು. ಪ್ರತಿ ಯಂತ್ರದ ಬಾಗಿಲ ಮೇಲೆ, ದಾರಿಹೋಕರಿಗೂ ಓದಲು ಬರುವ ಕನ್ನಡದಲ್ಲಿ, ಬ್ರೇಕನ್ನೂ ಬ್ಯಾಟರಿಯನ್ನೂ ಕೊನೆಯದಾಗಿ ಪರೀಕ್ಷಿಸಿದ ದಿನಾಂಕವನ್ನು ಬರೆಯಲಿ. ಸಾಮಾನ್ಯವಾಗಿ ಇಪ್ಪತ್ತು ವರ್ಷದ ಬಾಳಿಕೆಗೆಂದು ಮಾಡಿದ ಯಂತ್ರವನ್ನು ಆಮೇಲೂ ಓಡಿಸುವುದಾದರೆ, ಅದರ ಬೋಲ್ಟು, ಬೆಸುಗೆ, ರೆಕ್ಕೆಯ ಬುಡಗಳನ್ನೆಲ್ಲ ಹೊಸದಾಗಿ ಪರೀಕ್ಷಿಸಿದ ವರದಿ ಆಯಾ ಗ್ರಾಮ ಪಂಚಾಯಿತಿಯ ಕೈಗೆ ಸಿಗಲಿ. ಅದರ ಕೆಳಗೆ ಕುರಿ ಮೇಯಿಸುವವರಿಗೆ, ಕಡಲೆ ಬಿತ್ತುವವರಿಗೆ ಇಷ್ಟನ್ನು ಕೇಳುವ ಹಕ್ಕಿದೆ.

ಇದೇ ಗುಂಪಿನಲ್ಲಿ ಕಳೆದ ವಾರ ಒಬ್ಬರು, ಇಷ್ಟು ಗಾಳಿಯಿದ್ದರೂ ಗುಡ್ಡದ ಮೇಲಿನ ಯಂತ್ರ ನಿಂತೇ ಇದೆ, ದಂಡದ ಬಾಬ್ತು ಎಂದು ಫೋಟೊ ಹಾಕಿದ್ದರು. ಲೈನು ಹೋಗಿತ್ತೋ, ಗಾಳಿಯೇ ಮಿತಿ ದಾಟಿತ್ತೋ, ಅದು ನಿಲ್ಲಬೇಕಾದ ಹೊತ್ತಿಗೆ ನಿಂತಿತ್ತು. ಅವರ ಒಪ್ಪಿಗೆ ಪಡೆದು ಅದೇ ಫೋಟೊವನ್ನು ಈ ಬರಹದ ಜೊತೆ ಹಾಕಿದ್ದೇನೆ. ದೊಡ್ಡದು ಮಾಡಿ ನೋಡಿ, ಮೂರೂ ರೆಕ್ಕೆಗಳು ಗಾಳಿಗೆ ಅಂಚುಕೊಟ್ಟು ತಿರುಗಿವೆ.